ತೋಳ ಬೆದರಿಸುವ ಪೆಟ್ಟಿಗೆ

ಕೈಸಾರ್ ಕಳೆದ ಚಳಿಗಾಲದಿಂದ ಒಂದೇ ಒಂದು ತೋಳವನ್ನು ಸಾಕುತ್ತಿದ್ದ. ಸಾಕುವುದೆಂದರೆ ಮಾಂಸ ಹಾಕಿ ಅಲ್ಲ. ಅಲ್ಮಾಟಿಯ ಒಂದು ಸ್ಟುಡಿಯೋದಲ್ಲಿ, ಹಗಲಲ್ಲೂ ಪರದೆ ಎಳೆದಿಟ್ಟ ಕೋಣೆಯೊಳಗೆ, ಕಂಪ್ಯೂಟರಿನ ಮುಂದೆ ಕೂತು ಅದಕ್ಕೆ ಕಾಲು ಕೊಟ್ಟು, ಬಾಲ ಕೊಟ್ಟು, ಮೈಮೇಲಿನ ಕೂದಲು ಗಾಳಿಗೆ ಯಾವ ಕಡೆ ಬಾಗಬೇಕೆಂದು ಕಲಿಸುತ್ತಿದ್ದ. ಹಳೆಯ ಕಾಲದ ಖಾನನೊಬ್ಬನ ಕಥೆಯ ದೊಡ್ಡ ಸಿನಿಮಾ ಅದು. ಯುದ್ಧದಲ್ಲಿ ಸೋತ ಖಾನ ಹುಲ್ಲುಗಾವಲಿನಲ್ಲಿ ಒಬ್ಬನೇ ಬಿದ್ದಿರುವಾಗ ತೋಳವೊಂದು ಬಂದು ಅವನ ಮುಖ ನೋಡಿ ಹೋಗಬೇಕು. ತೆರೆಯ ಮೇಲೆ ಅರೆನಿಮಿಷವೂ ಇಲ್ಲದ ದೃಶ್ಯ. ಖಾನನಾಗಿದ್ದ ನಟ ತನ್ನ ಪಾಲಿನ ಕೆಲಸವನ್ನು ಮಲಗಿಕೊಂಡೇ ಒಂದು ಮಧ್ಯಾಹ್ನದಲ್ಲಿ ಮುಗಿಸಿ ಮನೆಗೆ ಹೋಗಿದ್ದ. ತೋಳದ ಪಾಲು ಮಾತ್ರ ಮುಗಿಯುತ್ತಲೇ ಇರಲಿಲ್ಲ.

ಮುಗಿಯಲು ಬಿಡದವನು ನಿರ್ದೇಶಕ ಮುರಾಗೆರ್. ಅವನು ರಂಗಭೂಮಿಯಿಂದ ಬಂದವನು. ಕೊನೆಯ ಸಾಲಿನ ಕಿವುಡನಿಗೂ ಕೇಳಲಿ ಎಂದು ಕೂಗಿ ಕೂಗಿ ಅಭ್ಯಾಸವಾಗಿ, ಪಕ್ಕದಲ್ಲಿ ಕೂತವನ ಹತ್ತಿರ ಉಪ್ಪು ಕೇಳುವಾಗಲೂ ಗಾಜಿನ ಲೋಟ ಅದುರುತ್ತಿತ್ತು. ಪ್ರತಿ ಗುರುವಾರ ಬಂದು ಕೈಸಾರನ ಬೆನ್ನ ಹಿಂದೆ ನಿಂತು ತೋಳವನ್ನು ನೋಡುವನು. ಆಮೇಲೆ ಶುರು.

"ಜೀವ ಎಲ್ಲಿದೆ? ಎಲ್ಲಿದೆ ಜೀವ? ಕಾಲಿದೆ, ಬಾಲ ಇದೆ, ಹಲ್ಲಿದೆ, ಜೀವಾನೇ ಇಲ್ಲ! ಬಚ್ಚಿಟ್ರೆ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಎಲ್ಲಾ ಕಾಣುತ್ತೆ ನಂಗೆ! ತೆಗಿ ಹೊರಗೆ! ಜೀವ ತೆಗಿ ಹೊರಗೆ!"

ಬಚ್ಚಿಟ್ಟದ್ದೆಂದರೆ ತೋಳದ ಹಿಂಗಾಲು. ಅದು ನೆಲಕ್ಕೆ ಸರಿಯಾಗಿ ಊರುತ್ತಿಲ್ಲವೆಂದು ಕೈಸಾರ್ ಅಲ್ಲಿ ನಾಲ್ಕು ಎಸಳು ಹುಲ್ಲು ಹೆಚ್ಚಿಗೆ ಬೆಳೆಸಿದ್ದ.

"ಸರಿ ಅಣ್ಣ, ಮುಂದಿನ ವಾರಕ್ಕೆ ನೋಡ್ತೀನಿ," ಎನ್ನುವನು ಕೈಸಾರ್. ಯಾವ ತಿದ್ದುಪಡಿಯೂ ತಪ್ಪಿಹೋಗಬಾರದೆಂದು ಈ ಮಾತುಗಳನ್ನೆಲ್ಲ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದ. ಆಮೇಲೆ ಕೇಳಿದರೆ ಅದರಲ್ಲಿ ತಿದ್ದುಪಡಿ ಎನ್ನುವಂಥದ್ದು ಏನೂ ಇರುತ್ತಿರಲಿಲ್ಲ, ಬರೀ ಜೀವ.

ಪಕ್ಕದ ಮೇಜಿನ ಗೆನ್ನಾ ಪಾಕ್, ದೃಶ್ಯಗಳಿಗೆ ಬೆಳಕು ಕೂಡಿಸುವವನು, ಡಬ್ಬಿಯಿಂದ ಖಾರದ ಕ್ಯಾರೆಟ್ ಪಲ್ಯ ತಿನ್ನುತ್ತ ಸಮಾಧಾನ ಹೇಳುತ್ತಿದ್ದ. "ಬಿಡು ಗುರು. ನನ್ನ ಸೂರ್ಯನಿಗೂ ಜೀವ ಇಲ್ವಂತೆ. ಸೂರ್ಯ ಯಾವಾಗ ಉಸಿರಾಡಿದ್ದ?"

ಹೀಗಿದ್ದುದರಿಂದಲೇ ಕೈಸಾರನಿಗೆ ಮನೆಯ ಬಾಲ್ಕನಿ ಎಂದರೆ ಪ್ರಾಣ. ಮೂವತ್ತಾರು ದಾಟಿದ್ದ ಒಂಟಿ ಮನುಷ್ಯ. ಬಾಲ್ಕನಿಗೆ ಗಾಜು ಹಾಕಿಸಿ, ಗುಜರಿ ಸಂತೆಯಿಂದ ತಂದ ವೈರು, ಮೋಟಾರು, ಹಳೆಯ ರೇಡಿಯೋಗಳ ಕರುಳು ಎಲ್ಲವನ್ನೂ ಅಲ್ಲಿ ಪೇರಿಸಿಕೊಂಡಿದ್ದ. ಚಪ್ಪಾಳೆ ತಟ್ಟಿದರೆ ಹೊತ್ತಿಕೊಳ್ಳುವ ಚಹಾದ ಕೆಟಲ್ ಮಾಡಿದ್ದ. ಪಕ್ಕದ ಮನೆಯ ಮುದುಕ ಸೀನಿದರೂ ಅದು ಕುದಿಯುತ್ತಿತ್ತು. ಒಣಗಿದರೆ ಅಳುವ ಹೂಕುಂಡ ಮಾಡಿದ್ದ. ನೀರು ಹಾಕಿದ ಮೇಲೂ ಅಳು ನಿಲ್ಲದೆ ಅದನ್ನು ಮೆಟ್ಟಿಲ ಕೆಳಗೆ ಇಡಬೇಕಾಯಿತು. ಆದರೂ ಅಲ್ಲಿ ಒಂದು ಸುಖವಿತ್ತು. ಬೆಸುಗೆ ಹಾಕಿ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಇಲ್ಲವೇ ಹತ್ತುವುದಿಲ್ಲ. ಹತ್ತಿದ ದೀಪದ ಹಿಂದೆ ನಿಂತು ಇದರಲ್ಲಿ ಜೀವ ಇಲ್ಲ ಎನ್ನುವವರು ಯಾರೂ ಇರಲಿಲ್ಲ.

ಶರತ್ಕಾಲ ಶುರುವಾದಾಗ ಸೋದರಮಾವ ಒರಾಜ್ ಫೋನ್ ಮಾಡಿದ. ಕೆಗೆನ್ ಕಡೆಯ ಹಳ್ಳಿಯಲ್ಲಿ ಅವನದು ಕುರಿಮಂದೆ.

"ಏನ್ಲಾ ಅಳಿಯಾ, ದಿನಾ ತೋಳದ ಜತೇಲೇ ಇರ್ತೀಯಂತೆ? ನಿಮ್ಮವ್ವ ಹೇಳ್ತಿದ್ಲು."

"ಅದು ಸಿನಿಮಾ ತೋಳ ಮಾವ."

"ಯಾವ್ದಾದ್ರೇನು, ತೋಳ ತೋಳಾನೇ. ಇಲ್ಲಿ ಒಂದು ಮುಂಡೇದು ವಾರಕ್ಕೊಂದು ಕುರಿ ಎತ್ತಾಕ್ಕೊಂಡ್ ಹೋಗ್ತೈತೆ. ನನ್ನ ನಾಯಿಗಳು ಅದಕ್ಕೆ ದಾರಿ ಬಿಟ್ಟು ನಿಂತ್ಕೊಳ್ತವೆ. ಏನಾರ ಒಂದು ಮಿಷಿನ್ ಮಾಡ್ಕೊಂಡು ಬಾ."

"ರಜ ಇಲ್ಲ ಮಾವ."

"ರಜ ಇಲ್ವಾ? ಸಣ್ಣವನಿದ್ದಾಗ ಬಂದು ಅಳಿಯನ ಹಕ್ಕು ಅಂತ ನನ್ನ ಕೆಂದು ಮರಿಗುದ್ರೆ ಹೊಡ್ಕೊಂಡು ಹೋದ್ಯಲ್ಲ, ಆವತ್ತು ನಾನು ಇಲ್ಲ ಅಂದ್ನಾ? ಈಗ ಮಾವನ ಹಕ್ಕು."

ಸೋದರಳಿಯ ಕೇಳಿದ್ದನ್ನು ಮಾವ ಕೊಡಬೇಕೆನ್ನುವುದು ಅವರಲ್ಲಿ ಹಳೆಯ ರೂಢಿ, ಅದು ನಿಜ. ಮಾವನ ಹಕ್ಕು ಎನ್ನುವುದೊಂದನ್ನು ಕೈಸಾರ್ ಆವರೆಗೆ ಕೇಳಿರಲಿಲ್ಲ. ಒರಾಜ್ ಅದನ್ನು ಫೋನ್ ಎತ್ತಿದ ಮೇಲೆಯೇ ಹುಟ್ಟಿಸಿದ್ದ. ಆದರೂ ವಾದ ಮಾಡಿ ಗೆಲ್ಲುವಂತಿರಲಿಲ್ಲ. ಅಲ್ಲದೆ, ನಿಜ ಹೇಳಬೇಕೆಂದರೆ, ಫೋನ್ ಇಡುವ ಮುಂಚೆಯೇ ಕೈಸಾರನ ತಲೆಯಲ್ಲಿ ಪೆಟ್ಟಿಗೆ ಅರ್ಧ ತಯಾರಾಗಿತ್ತು.

ಎದುರಿಗೆ ಏನಾದರೂ ಅಲುಗಾಡಿದರೆ ಗುರುತಿಸುವ ಪುಟ್ಟ ಕಣ್ಣು, ಹಳೆಯ ಲಾರಿಯ ಎರಡು ಹೆಡ್‌ಲೈಟು, ಮೆರವಣಿಗೆಯಲ್ಲಿ ಬಳಸುವಂಥ ಧ್ವನಿವರ್ಧಕ, ಕಾರಿನ ಬ್ಯಾಟರಿ. ಎಲ್ಲವನ್ನೂ ಒಂದು ತಗಡಿನ ಪೆಟ್ಟಿಗೆಗೆ ತುಂಬಿ, ಸ್ಟುಡಿಯೋದ ಶಬ್ದಭಂಡಾರದಿಂದ ಹುಲಿಯ ಘರ್ಜನೆ, ಫಿರಂಗಿ, ಗುಡುಗು ಹಾಕಿಕೊಂಡು, ವಾರದ ರಜಕ್ಕೆ ಎರಡು ದಿನ ಸೇರಿಸಿ ಹೊರಟ.

ಹಳ್ಳಿಯಲ್ಲಿ ಪರೀಕ್ಷೆಗೆ ಮಾವನ ಎರಡು ನಾಯಿಗಳನ್ನೇ ದೊಡ್ಡಿಯ ಮುಂದೆ ಕರೆತಂದರು. ಅತ್ತೆ ಕುಲ್ಯಾಶ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹುಲಿ ಘರ್ಜಿಸಿತು. ಒಂದು ನಾಯಿ ಮಗ್ಗುಲು ಬದಲಿಸಿತು. ಫಿರಂಗಿ ಹಾರಿತು. ಇನ್ನೊಂದು ಕಿವಿ ಕೆರೆದುಕೊಂಡಿತು. ಗುಡುಗಿಗೆ ಎರಡೂ ನಿದ್ದೆಹೋದವು.

"ಮಿಷಿನ್ ಚೆನ್ನಾಗೈತೆ," ಎಂದ ಒರಾಜ್, ಅಳಿಯನಿಗೆ ಬೇಜಾರಾಗಬಾರದೆಂದು. "ನಾಯಿ ಮಲಗ್ಸೋಕೆ."

ಕೈಸಾರ್ ಬೇರೆ ಶಬ್ದ ಹುಡುಕುತ್ತ ಪೆಟ್ಟಿಗೆಗೆ ಜೋಡಿಸಿದ್ದ ಫೋನಿನಲ್ಲಿ ಬೆರಳಾಡಿಸಿದ. ಬೆರಳು ಎಲ್ಲಿಗೋ ತಗುಲಿತು.

"ಜೀವ ಎಲ್ಲಿದೆ? ಎಲ್ಲಿದೆ ಜೀವ?" ಎಂದು ಪೆಟ್ಟಿಗೆ ಅಬ್ಬರಿಸಿತು.

ನಾಯಿಗಳೆರಡೂ ಬಾಲ ಮುದುರಿಕೊಂಡು ಗಾಡಿಯ ಕೆಳಕ್ಕೆ ನುಗ್ಗಿದವು. ಕುರಿಗಳು ಒಂದರ ಮೇಲೊಂದು ಬಿದ್ದವು. ಕೈಸಾರ್ ತಾನೂ ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿ ನಿಂತುಬಿಟ್ಟಿದ್ದ. ನಿಂತ ಮೇಲೆ ಅದು ತನಗೇ ಗೊತ್ತಾಯಿತು.

"ಯಾವ ಪ್ರಾಣೀಲಾ ಅದು?" ಎಂದು ಒರಾಜ್ ಪಿಸುಗುಟ್ಟಿದ.

"ನಮ್ಮ ಡೈರೆಕ್ಟ್ರು ಮಾವ."

"ಇದೇ ಇರ್ಲಿ. ಇದನ್ನೇ ಹಾಕು." ಕೈಸಾರ್ ಆ ಧ್ವನಿಯನ್ನು ಫೋನಿನಿಂದ ಪೆಟ್ಟಿಗೆಗೆ ತುಂಬಿದ.

ಮಾರನೇ ದಿನ ಮನೆಗೆ ಬೀಗರು ಬರುವವರಿದ್ದರು. ಒರಾಜನ ಮಗಳು ಗೌಹರಳಿಗೆ ಓಲೆ ತೊಡಿಸಿ ಮದುವೆ ನಿಶ್ಚಯಿಸುವ ಶಾಸ್ತ್ರ. ಗಂಡಿನ ತಂದೆ ಬೆಕೆನ್ ದೊಡ್ಡ ಹೊಟ್ಟೆಯ, ಅದಕ್ಕಿಂತ ದೊಡ್ಡ ಗತ್ತಿನ ಮನುಷ್ಯ. ನರಿಚರ್ಮದ ಟೋಪಿ ಹಾಕಿಕೊಂಡು, ಉಡುಗೊರೆಯಾಗಿ ಒಂದು ಕೆಂಚು ಹೆಣ್ಣುಕುದುರೆಯನ್ನು ಹಿಡಿಸಿಕೊಂಡು ಬಂದ. "ಆರು ವರ್ಷ. ಗಾಳಿ ಇದ್ದಂಗೆ," ಎಂದು ಅಂಗಳದಲ್ಲೇ ಸಾರಿದ. ಒರಾಜ್ ಕುದುರೆಯ ಬಾಯಿ ತೆರೆದು ಹಲ್ಲು ನೋಡಿ, ಮುಚ್ಚಿ, "ಭೇಷ್," ಎಂದಷ್ಟೇ ಹೇಳಿ ಒಳಗೆ ಕರೆದುಕೊಂಡು ಹೋದ.

ಊಟ ಶುರುವಾಯಿತು. ದೊಡ್ಡ ಅತಿಥಿಗೆ ಸಲ್ಲುವ ಮರ್ಯಾದೆಯೆಂದು ಬೆಕೆನನ ಮುಂದೆ ಕುರಿಯ ತಲೆ ಇಟ್ಟರು. ಬೇಯಿಸಿದ ಮಾಂಸ, ಅಗಲವಾದ ಹಿಟ್ಟಿನ ಪದರ, ಹುಳಿ ಬಂದ ಕುದುರೆಹಾಲು, ಅದರ ಮೇಲೆ ಬಟ್ಟಲುಬಟ್ಟಲು ಹಾಲುಚಹಾ. ಬೆಕೆನ್ ತನ್ನ ಅಜ್ಜನ ಪರಾಕ್ರಮ, ತಂದೆಯ ಪರಾಕ್ರಮ ಮುಗಿಸಿ ತನ್ನದಕ್ಕೆ ಬರುವ ಹೊತ್ತಿಗೆ ಹೊರಗೆ ಹೊತ್ತು ಮುಳುಗುತ್ತಿತ್ತು. ಕೈಸಾರ್ ಬೀಗರು ಬರುವ ಮುಂಚೆ ಪೆಟ್ಟಿಗೆಯನ್ನು ನೆನಪಿಟ್ಟು ಆರಿಸಿದ್ದ. ಒರಾಜ್ ಕುರಿಗಳನ್ನು ಒಳಗೆ ಕೂಡಿದ ಮೇಲೆ ಅಷ್ಟೇ ನೆನಪಿಟ್ಟು ಹಾಕಿ ಬಂದಿದ್ದ.

ಚಹಾ ತನ್ನ ಕೆಲಸ ಮಾಡಿತು. ಬೆಕೆನ್ ಎದ್ದು, ಟೋಪಿ ಸರಿಮಾಡಿಕೊಂಡು, ಗತ್ತಿನಿಂದಲೇ ಹೊರಗೆ ಹೋದ. ಕಕ್ಕಸು ಇದ್ದದ್ದು ದೊಡ್ಡಿಯ ಹಿಂದೆ.

ಒಳಗಿದ್ದವರಿಗೆ ಮೊದಲು ಕಿಟಕಿ ಬೆಳ್ಳಗಾದದ್ದು ಕಂಡಿತು. ಆಮೇಲೆ ಧ್ವನಿ.

"ಜೀವ ಎಲ್ಲಿದೆ? ಎಲ್ಲಿದೆ ಜೀವ?"

ಕೈಸಾರ್ ಕೈಯಲ್ಲಿದ್ದ ಬಟ್ಟಲು ಬಿಟ್ಟು ಎದ್ದು ಓಡಿದ. ಹಿಂದೆ ಎಲ್ಲರೂ ಓಡಿದರು. ದೊಡ್ಡಿಯ ಮುಂದೆ, ಎರಡು ಹೆಡ್‌ಲೈಟಿನ ಪ್ರಖರ ಬೆಳಕಿನ ನಡುವೆ, ಬೆಕೆನ್ ಕೆಸರಿನಲ್ಲಿ ಮೊಣಕಾಲೂರಿ ಎರಡೂ ಕೈ ಆಕಾಶಕ್ಕೆ ಎತ್ತಿದ್ದ. ಟೋಪಿ ಎಲ್ಲೋ ಬಿದ್ದಿತ್ತು. ಪ್ರಾಣ ಒಯ್ಯುವ ದೇವದೂತನೇ ಬಂದನೆಂದು ಅವನಿಗೆ ಖಾತ್ರಿಯಾಗಿ, ಬಾಯಿಗೆ ಬಂದ ಪ್ರಾರ್ಥನೆಯನ್ನು ತಲೆಕೆಳಗಾಗಿ ಹೇಳುತ್ತಿದ್ದ.

"ಬಚ್ಚಿಟ್ರೆ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಎಲ್ಲಾ ಕಾಣುತ್ತೆ ನಂಗೆ! ತೆಗಿ ಹೊರಗೆ!"

"ಹೇಳ್ತೀನಿ! ಹೇಳ್ಬಿಡ್ತೀನಿ!" ಎಂದು ಬೆಕೆನ್ ಕಿರುಚಿದ. "ಕುದುರೆಗೆ ಆರು ವರ್ಷ ಅಂದಿದ್ದು ಸುಳ್ಳು! ಹದಿನಾರು! ಅರ ಹಾಕಿ ಹಲ್ಲು ಉಜ್ಜಿದ್ದು ನಾನಲ್ಲ ತಂದೇ, ನನ್ನ ತಮ್ಮ! ಮೊದಲು ಅವನ ಹತ್ರ ಹೋಗು! ಮಸೀದಿ ಪಕ್ಕ, ನೀಲಿ ಗೇಟು!"

"ಜೀವ ತೆಗಿ ಹೊರಗೆ!"

"ನೀಲಿ ಗೇಟು ಅಂದ್ನಲ್ಲಾ!"

ಕೈಸಾರ್ ಬಿದ್ದೆದ್ದು ಹೋಗಿ ವೈರು ಕಿತ್ತ. ಬೆಳಕು ಆರಿತು. ಬೆಕೆನ್ ನಿಧಾನವಾಗಿ ಕಣ್ಣು ಬಿಟ್ಟ. ಎದುರಿಗೆ ತಗಡಿನ ಪೆಟ್ಟಿಗೆ, ಅದರ ಪಕ್ಕ ವೈರು ಹಿಡಿದ ಪಟ್ಟಣದ ಹುಡುಗ, ಸುತ್ತ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು. ಎಲ್ಲರೂ ಎಲ್ಲವನ್ನೂ ಕೇಳಿದ್ದರು. ಗೌಹರ್ ಬಾಯಿಗೆ ಸೆರಗಿನಂತೆ ಶಾಲು ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯುವಂತಿರಲಿಲ್ಲ. ಈ ಮದುವೆ ಇಲ್ಲಿಗೆ ಮುಗಿಯಿತು, ಅದನ್ನು ಮುಗಿಸಿದವನು ತಾನು ಎಂದುಕೊಂಡ ಕೈಸಾರ್.

ಆಗ ಕುಲ್ಯಾಶ್ ಮುಂದೆ ಬಂದಳು. ಕೆಸರಿನಿಂದ ನರಿಚರ್ಮದ ಟೋಪಿ ಎತ್ತಿ, ಎರಡು ಸಲ ಮೊಣಕಾಲಿಗೆ ಬಡಿದು, ಬೆಕೆನನ ತಲೆಯ ಮೇಲೆ ಇಟ್ಟಳು.

"ಹೆಂಗಿತ್ತು ಬೀಗ್ರೇ, ನಮ್ಮ ಕೀಟಲೆ? ಬೇರೆ ಮನೆಗಳಲ್ಲಿ ಬೀಗರ ಕೋಟು ಹಾಸಿಗೆಗೆ ಸೇರಿಸಿ ಹೊಲೀತಾರೆ, ಮುಖಕ್ಕೆ ಹಿಟ್ಟು ಬಳೀತಾರೆ. ಅದೆಲ್ಲಾ ಹಳೇದಾಯ್ತು ಅಂತ ನಾವು ಅಲ್ಮಾಟಿಯಿಂದ ಕರೆಂಟಿನ ಕೀಟಲೆ ತರಿಸಿದ್ವಿ."

ಬೀಗರಿಗೆ ಕೀಟಲೆ ಮಾಡುವುದು ಹೆಣ್ಣಿನ ಮನೆಯವರ ಹಕ್ಕು. ಕೀಟಲೆಗೆ ಕೋಪಿಸಿಕೊಂಡ ಬೀಗ ಏಳು ಹಳ್ಳಿಯಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಬೆಕೆನನ ಮುಖ ಕೆಂಪಾಗಿ, ಬಿಳಿಚಿ, ಮತ್ತೆ ಕೆಂಪಾಗಿ, ಕೊನೆಗೆ ಅವನ ಹೊಟ್ಟೆ ಅಲುಗಾಡತೊಡಗಿತು. ಮೊದಲು ಸ್ವಲ್ಪ ಬಲವಂತದ ನಗೆ. ಆಮೇಲೆ ಅದೇ ನಗೆ ಅವನನ್ನು ಹಿಡಿದುಕೊಂಡು ಬಿಡದೆ, ಅವನು ಕೆಸರಿನಲ್ಲೇ ಕುಸಿದು ಕೂತ.

"ಆದ್ರೆ ಕುದ್ರೆ..." ಎಂದ, ಕಣ್ಣೊರೆಸಿಕೊಳ್ಳುತ್ತ, ಒರಾಜನ ಮುಖ ನೋಡಲಾರದೆ.

"ಹಲ್ಲು ನೋಡ್ದಾಗ್ಲೇ ಗೊತ್ತಾಯ್ತು ಬಿಡಿ ಬೀಗ್ರೇ," ಎಂದ ಒರಾಜ್. "ನಾನೂ ವಯಸ್ಸಾದವನು. ಮುದಿಕುದ್ರೆ ಆದ್ರೆ ನನ್ನ ಮಾತು ಕೇಳ್ತದೆ. ಎದ್ದೇಳಿ, ನೀವು ಹೋಗ್ತಿದ್ದ ಕೆಲ್ಸ ಇನ್ನೂ ಬಾಕಿ ಐತೆ."

"ಆ ಕೆಲ್ಸ ಇಲ್ಲೇ ಆಗೋಯ್ತು," ಎಂದ ಬೆಕೆನ್.

ಬೆಳಗಾಗುವ ಹೊತ್ತಿಗೆ ಕೈಸಾರನಿಗೆ ಎಚ್ಚರವಾಯಿತು. ಬೀಗರು ಸಾಲಾಗಿ ಗೊರಕೆ ಹೊಡೆಯುತ್ತಿದ್ದರು. ಮೂಳೆ ತಿಂದು ಹೊಟ್ಟೆ ಬಿರಿದ ನಾಯಿಗಳೂ ಏಳುವ ಸ್ಥಿತಿಯಲ್ಲಿರಲಿಲ್ಲ. ಪೆಟ್ಟಿಗೆಯ ವೈರು ಸರಿಯಾಗಿ ಕೂತಿದೆಯೇ ನೋಡೋಣವೆಂದು ಕೋಟು ಹೊದ್ದು ಹೊರಗೆ ಬಂದ. ಗುಂಡಿ ಒತ್ತಿ, ಹುಲ್ಲಿನ ಬಣವೆಯ ಪಕ್ಕ ಮೂತ್ರಕ್ಕೆ ಕೂರುವಷ್ಟರಲ್ಲಿ, ಗುಡ್ಡದ ಕಡೆಯಿಂದ ತೋಳ ಬಂತು.

ಅದು ಓಡಿ ಬರಲಿಲ್ಲ, ಹೊಂಚುತ್ತಲೂ ಬರಲಿಲ್ಲ. ಹಾಲು ತರಲು ಹೊರಟವರ ಹಾಗೆ ನಡೆದುಕೊಂಡು ಬಂತು. ದೊಡ್ಡಿಯ ಹತ್ತಿರವಾದಾಗ ಹೆಡ್‌ಲೈಟು ಹತ್ತಿದವು, ಮುರಾಗೆರ್ ಗುಡುಗಿದ. "ಜೀವ ಎಲ್ಲಿದೆ?" ತೋಳ ನಿಂತಿತು. ತಲೆಯನ್ನು ಒಂದು ಬದಿಗೆ ವಾಲಿಸಿತು. ಆಮೇಲೆ ಬೆಳಕಿನ ಮುಂದೆ ಆರಾಮವಾಗಿ ಕುಕ್ಕರುಗಾಲಿನಲ್ಲಿ ಕೂತು, ಇಡೀ ಭಾಷಣವನ್ನು ಕೇಳಿತು. "ತೆಗಿ ಹೊರಗೆ" ಎನ್ನುವಲ್ಲಿ ಬಾಯಿ ಅಗಲಿಸಿ, ನಾಲಿಗೆ ಸುರುಳಿಯಾಗುವಷ್ಟು ದೊಡ್ಡದಾಗಿ ಆಕಳಿಸಿತು. ಕೈಸಾರ್ ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದ. ತೋಳ ಎದ್ದು, ಮೈಕೊಡವಿ, ಕುರಿಗಳ ಕಡೆ ಒಂದು ಸಲ ನೋಡಿ, ಈ ಗಲಾಟೆಯ ಮನೆಯ ಸಹವಾಸ ಬೇಡವೆಂಬಂತೆ ಬಂದ ದಾರಿಯಲ್ಲೇ ವಾಪಸು ಹೋಯಿತು. ಎಲ್ಲೂ ಆತುರವಿಲ್ಲ. ಒಂದು ಹೆಜ್ಜೆಯೂ ಹೆಚ್ಚಿಲ್ಲ.

ಚಳಿಗಾಲದಿಂದ ತಾನು ಮಾಡಿದ ತೋಳ ಎಷ್ಟು ಕಷ್ಟಪಡುತ್ತಿತ್ತು ಎಂದು ಕೈಸಾರನಿಗೆ ಆಗ ಹೊಳೆಯಿತು. ಹಲ್ಲು ಕಿರಿದು, ಬೆನ್ನು ಉಬ್ಬಿಸಿ, ಕಣ್ಣು ಕೆಕ್ಕರಿಸಿ, ಅದು ಪ್ರತಿ ಕ್ಷಣವೂ ತೋಳವಾಗಲು ಹೆಣಗುತ್ತಿತ್ತು. ನಿಜವಾದ ತೋಳಕ್ಕೆ ಆ ತಾಪತ್ರಯವೇ ಇರಲಿಲ್ಲ.

ಪಟ್ಟಣಕ್ಕೆ ಮರಳಿ ಅವನು ಹಳೆಯದನ್ನೆಲ್ಲ ಅಳಿಸಿ ಮೊದಲಿನಿಂದ ಶುರುಮಾಡಿದ. ಬಹಳ ದಿನಗಳ ಮೇಲೆ ಕೆಲಸದಲ್ಲಿ ಖುಷಿ ಇತ್ತು. ಗೆನ್ನಾ ಕೂಡ ತನ್ನ ಸೂರ್ಯನನ್ನು ಸ್ವಲ್ಪ ಕೆಳಗಿಳಿಸಿ ಕೊಟ್ಟ. ಗುರುವಾರ ಮುರಾಗೆರ್ ಬಂದ. ನೋಡಿದ. ಕತ್ತು ಮುಂದೆ ಚಾಚಿ ಇನ್ನೊಮ್ಮೆ ನೋಡಿದ.

"ಏನಿದು? ಆಕಳಿಕೆ? ನನ್ನ ಖಾನ ಸಾಯ್ತಾ ಬಿದ್ದಿದಾನೆ, ತೋಳ ಬಂದು ಆಕಳಿಸುತ್ತಾ?"

"ನಿಜವಾದ ತೋಳ ಹೀಗೇ ಮಾಡುತ್ತೆ ಅಣ್ಣ."

"ಯಾವ ನಿಜವಾದ ತೋಳ? ಮೃಗಾಲಯದ್ದಾ?"

"ಇಲ್ಲಣ್ಣ, ಇವನ ಹತ್ರ ವಿಡಿಯೋ ಇದೆ!" ಎಂದು ಗೆನ್ನಾ ಗೆಳೆಯನ ಪರವಾಗಿ ಉತ್ಸಾಹದಿಂದ ಎದ್ದು, ದೊಡ್ಡ ತೆರೆಯ ಮೇಲೆ ಹಾಕಿಯೇ ಬಿಟ್ಟ. ಅವನು ಅದನ್ನು ಶಬ್ದವಿಲ್ಲದೆ ಮಾತ್ರ ನೋಡಿದ್ದ. ಕೈಸಾರನ ಕೈ ನಿಲ್ಲಿಸುವ ಗುಂಡಿಯನ್ನು ಮುಟ್ಟುವಷ್ಟರಲ್ಲಿ ತಡವಾಗಿತ್ತು.

"ಜೀವ ಎಲ್ಲಿದೆ? ಎಲ್ಲಿದೆ ಜೀವ?" ಎಂದು ಕೋಣೆಯ ಅಷ್ಟೂ ಸ್ಪೀಕರುಗಳು ಕೂಗಿದವು. ತೆರೆಯ ಮೇಲೆ ತೋಳ ತಲೆ ವಾಲಿಸಿತು, ಕೂತಿತು, ಆಕಳಿಸಿತು, ಎದ್ದು ಹೋಯಿತು.

ಕೋಣೆಯಲ್ಲಿದ್ದವರೆಲ್ಲ ತಮ್ಮತಮ್ಮ ಮೇಜಿನ ಮೇಲೆ ಏನೋ ಹುಡುಕತೊಡಗಿದರು.

"ಅದು ನನ್ನ ಧ್ವನಿ ಅಲ್ವಾ?" ಎಂದ ಮುರಾಗೆರ್. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಹೌದಣ್ಣ."

"ನನ್ನ ಧ್ವನೀಲಿ ಕುರಿ ಕಾಯ್ತಿದೀಯಾ?"

"ಬೇರೆ ಯಾವುದಕ್ಕೂ ನಾಯಿಗಳು ಹೆದರಲಿಲ್ಲ ಅಣ್ಣ. ಹುಲಿಗೂ ಹೆದರಲಿಲ್ಲ, ಫಿರಂಗಿಗೂ ಹೆದರಲಿಲ್ಲ."

"ನಂಗೆ ಹೆದರಿದ್ವಾ?"

"ಗಾಡಿ ಕೆಳಗೆ ಹೋಗಿದ್ವು, ಊಟಕ್ಕೂ ಬರಲಿಲ್ಲ."

ಮುರಾಗೆರ್ ಗಡ್ಡ ಸವರಿಕೊಂಡ. ಸ್ವಲ್ಪ ಸಮಾಧಾನವಾದಂತೆ ಕಂಡಿತು. "ಮತ್ತೆ ಈ ತೋಳ ಯಾಕೆ ಹೆದರಲಿಲ್ಲ?"

"ಅದು ನಮ್ಮ ಆಫೀಸಲ್ಲಿ ಕೆಲಸ ಮಾಡಲ್ವಲ್ಲ ಅಣ್ಣ," ಎಂದುಬಿಟ್ಟ ಕೈಸಾರ್.

ಗೆನ್ನಾನಿಗೆ ಕ್ಯಾರೆಟ್ ನೆತ್ತಿಗೇರಿತು. ಬೆನ್ನು ಗುದ್ದುವವರಿಗೂ ನಗು ತಡೆಯಲಾಗದೆ ಗುದ್ದು ತಪ್ಪುತ್ತಿತ್ತು. ಮುರಾಗೆರ್ ಮಾತ್ರ ನಗಲಿಲ್ಲ. "ಮತ್ತೆ ಹಾಕು," ಎಂದ. ಹಾಕಿದರು. "ಇನ್ನೊಂದ್ಸಲ." ಕುರ್ಚಿ ಎಳೆದುಕೊಂಡು ತೆರೆಯ ಹತ್ತಿರವೇ ಕೂತ. ತನ್ನ ಕೂಗಾಟವನ್ನು ತಾನೇ ಕೇಳುತ್ತ, ಆಕಳಿಸುವ ತೋಳವನ್ನು ನೋಡುತ್ತ ಎಷ್ಟೋ ಹೊತ್ತು ಕೂತ ಮೇಲೆ ಹೇಳಿದ:

"ಖಾನನೂ ಹೀಗೇ ಕಣೋ. ಜನ್ಮವಿಡೀ ಕೂಗಾಡಿದವನು. ಎಲ್ಲರೂ ನಡುಗಿದ್ರು. ಕೊನೆಗೆ ಒಂದು ತೋಳ ಬಂದು ಆಕಳಿಸಿ ಹೋಗುತ್ತೆ." ಎದ್ದು ನಿಂತ. "ಇರ್ಲಿ. ಆಕಳಿಕೆ ಇರ್ಲಿ. ಒಂದು ಕೂದಲೂ ಮುಟ್ಟಬೇಡ."

ಆ ಮೇಲಿನ ಎರಡು ವಾರ ಅವನು ಎಲ್ಲರೊಡನೆ ಪಿಸುಮಾತಿನಲ್ಲೇ ಮಾತಾಡಿದ. ಅದು ಕೂಗಾಟಕ್ಕಿಂತ ಭಯ ಹುಟ್ಟಿಸುತ್ತಿದ್ದುದರಿಂದ, ಮೂರನೇ ವಾರ ಹಳೆಯ ಗಂಟಲು ವಾಪಸಾದಾಗ ಜನ ಉಸಿರುಬಿಟ್ಟರು.

ಪೆಟ್ಟಿಗೆಯನ್ನು ಬೆಕೆನ್ ಬೇಡಿ ತನ್ನೂರಿಗೆ ಒಯ್ದ. ಅವನಿಗೆ ಹಿರಿಮಗಳ ಕಡೆಯಿಂದ ಇನ್ನೊಬ್ಬ ಬೀಗನಿದ್ದ. ಒರಾಜ್ ದೊಡ್ಡಿಗೆ ಎತ್ತರದ ತಂತಿಬೇಲಿ ಹಾಕಿಸಿದ ಮೇಲೆ ತೋಳ ಆ ಕಡೆ ಸುಳಿಯಲಿಲ್ಲ. ವಸಂತದಲ್ಲಿ ಗೌಹರಳ ಮದುವೆಯಾಯಿತು. ಸಿನಿಮಾ ಬಿಡುಗಡೆಯಾಗಿ ಕೆಗೆನ್ನಿಗೂ ಬಂದಾಗ ಕೈಸಾರ್ ತಾನೇ ಹೋಗಿ ಮಾವನನ್ನೂ ಅತ್ತೆಯನ್ನೂ ಕರೆದೊಯ್ದು ನಡುಸಾಲಿನಲ್ಲಿ ಕೂರಿಸಿದ. ಖಾನ ಬಿದ್ದ. ತೋಳ ಬಂತು. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅದು ಆಕಳಿಸಿ ಬೆನ್ನು ತಿರುಗಿಸಿದಾಗ ಕುಲ್ಯಾಶ್ ಶಾಲಿನ ತುದಿಯಿಂದ ಕಣ್ಣೊತ್ತಿಕೊಂಡಳು. ಕತ್ತಲಲ್ಲಿ ಕೈಸಾರನ ಎದೆ ಉಬ್ಬಿತು.

ಹೊರಗೆ ಬಂದು ಎದುರಿನ ಹೋಟೆಲಿನಲ್ಲಿ ಮಾಂಸದ ಸಾರಿನಲ್ಲಿ ಶಾವಿಗೆ ಹಾಕಿದ ಬಿಸಿ ಲಗ್ಮಾನ್ ತರಿಸಿಕೊಂಡು ಕೂತಾಗ ಕುಲ್ಯಾಶ್ ಕೇಳಿದಳು:

"ಅಲ್ಲಪ್ಪಾ, ಇಷ್ಟು ದೊಡ್ಡ ಸಿನಿಮಾದಲ್ಲಿ ನೀನು ಮಾಡಿದ್ದು ಯಾವ್ದು?"

"ತೋಳ, ಅತ್ತೆ."

"ತೋಳ ನಿಜವಾದ್ದಲ್ವಾ? ನೀನೇನ್ ಮಾಡ್ದೆ ಅದ್ರಲ್ಲಿ?"

ಕೈಸಾರ್ ಬಾಯಿ ತೆರೆದ. ಕಾಲು, ಬಾಲ, ಲಕ್ಷಾಂತರ ಕೂದಲು, ಒಂದು ವರ್ಷ, ಎಲ್ಲವೂ ನಾಲಿಗೆಯ ತುದಿಗೆ ಬಂತು. ಅತ್ತೆಯ ಮುಖ ನೋಡಿ ಅಲ್ಲೇ ನಿಂತಿತು.

"ಹಿಡ್ಕೊಂಡಿದ್ದೆ ಅತ್ತೆ," ಎಂದ. "ಶೂಟಿಂಗ್ ಮುಗಿಯೋವರೆಗೂ ಹಗ್ಗ ಹಿಡ್ಕೊಂಡಿದ್ದೆ."

"ಹಗ್ಗ ಬಿಟ್ಯಾ ಆಮೇಲೆ?" ಎಂದು ಒರಾಜ್ ಗಾಬರಿಯಿಂದ ಕೇಳಿದ. "ಈ ಕಡೇಗೆ ಬಿಟ್ಟಿಲ್ಲ ತಾನೇ?"

"ಇಲ್ಲ ಮಾವ, ತಿನ್ನು. ಆರಿಹೋಗುತ್ತೆ."